ಮೊದಲ ಟ್ಯಾಂಕಿನಲ್ಲಿ ಜನರಲ್

ಬಿಸಿಲೆ ಘಾಟಿಯ ನೆತ್ತಿಗೆ ಬಂದು ನಿಂತವರ ಕಣ್ಣು ಮೊದಲು ಹೋಗಿ ತಾಕುವುದು ಕುಮಾರ ಪರ್ವತಕ್ಕೆ. ಎತ್ತರ 1,712 ಮೀಟರ್. ಶೇಷಪರ್ವತ ದಾಟಿ, ಇಂಬಳ ಕಿತ್ತೆಸೆದು, ಬಂಡೆ ತಬ್ಬಿ, ಏದುಸಿರು ಬಿಡುತ್ತ ತುದಿ ಮುಟ್ಟಿದವರಿಗೆ ಆ ಎತ್ತರ ಎಂಥದೆಂದು ಮೊಣಕಾಲೇ ಹೇಳುತ್ತದೆ.

ಈಗ ಅದರ ನೆತ್ತಿಯ ಮೇಲೆ ಅಷ್ಟೇ ಎತ್ತರದ ಇನ್ನೊಂದು ಕುಮಾರ ಪರ್ವತ ಎತ್ತಿಡಿ. ಅದರ ಮೇಲೆ ಮತ್ತೆ ನೂರು ಮೀಟರ್ ಏರಿಸಿ. ಹಿಮ ಸುರಿಯಿರಿ. ಎರಡೂ ಬದಿಯ ಬಂಡೆಗಳ ಸಂದಿಯಲ್ಲಿ ಮಷಿನ್‌ಗನ್ ಕೂರಿಸಿ. ಅಲ್ಲಿಗೆ ಒಂದೊಂದೂ ಸುಮಾರು 15 ಟನ್ ತೂಗುವ ಟ್ಯಾಂಕುಗಳನ್ನು ಹತ್ತಿಸಿ.

ಹತ್ತಿಸಿದವರು ಆ ಪರ್ವತದ ಬೆನ್ನಿಗಿರುವ ಕೊಡಗಿನವರೇ. ಹೆಸರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1906ರ ಮಾರ್ಚ್‌ನಲ್ಲಿ ಮಡಿಕೇರಿಯಲ್ಲಿ, ಕಾಫಿ ಬೆಳೆಗಾರರ ಮನೆಯಲ್ಲಿ ಹುಟ್ಟಿದರು. ಕೂನೂರಿನಲ್ಲಿ ಓದಿದರು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು, ಡೆಹರಾಡೂನಿನ ಸೈನಿಕ ಕಾಲೇಜಿಗೆ ಹೋದರು, ಕಡಲು ದಾಟಿ ಸ್ಯಾಂಡ್‌ಹರ್ಸ್ಟ್ ಮುಗಿಸಿದರು. 1926ರಲ್ಲಿ ಅಧಿಕಾರಿಯಾದರು. ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಸೇರಿದರು. ಬಾಗ್ದಾದ್ ಕಂಡರು, ವಾಯವ್ಯ ಗಡಿಯ ಗುಡ್ಡಗಳಲ್ಲಿ ಅಲೆದರು. 1935ರ ಜನವರಿಯಲ್ಲಿ ಕೊಡಗಿನ ನೀನಾ ಅವರನ್ನು ಮದುವೆಯಾದರು. ಸಂಸಾರ ಕ್ವೆಟ್ಟಾದಲ್ಲಿ ಹೂಡಿದರು.

ಮದುವೆಯಾಗಿ ಅರ್ಧ ವರ್ಷ ತುಂಬಿರಲಿಲ್ಲ. ನೆಲ ಬಾಯಿ ತೆರೆಯಿತು.

1935ರ ಮೇ 31. ನಸುಕಿನ ಮೂರು ಗಂಟೆಯ ಹೊತ್ತು. ಊರು ಮಲಗಿತ್ತು. ಕ್ವೆಟ್ಟಾ ಒಂದೇ ಏಟಿಗೆ ಕುಸಿಯಿತು. 30 ಸಾವಿರಕ್ಕೂ ಹೆಚ್ಚು ಜನ ಮಣ್ಣಿನಡಿ ಸತ್ತರು. ದಂಡಿನ ಪ್ರದೇಶದ ಬಹುಭಾಗ ಉಳಿಯಿತು. ಉಳಿದ ಸೈನಿಕರು ಸತ್ತ ಊರಿಗೆ ಓಡಿದರು. ಅಗೆದರು, ಎಳೆದರು, ಹೊತ್ತರು, ಹೂಳಿದರು. ಗಂಡ ಹೆಂಡತಿ ಇಬ್ಬರೂ ಆ ಕೆಲಸಕ್ಕೆ ಬಿದ್ದರು. ನೀನಾ ಅವರ ಸೇವೆಗೆ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. ಮನೆಯ ಮೊದಲ ದೊಡ್ಡ ಪದಕ ಹೆಂಡತಿಯದು, ಅದೂ ಗುಂಡು ಹಾರಿಸಿದ್ದಕ್ಕಲ್ಲ, ಜನಸೇವೆಗೆ. ತಿಮ್ಮಯ್ಯನವರ ಮುಂದಿನ ಮೂವತ್ತು ವರ್ಷ ಓದುವಾಗ ಇದನ್ನು ಮರೆಯಬಾರದು.

ಹತ್ತು ವರ್ಷ ಹಾರಿ ಬನ್ನಿ. 1945ರ ಜನವರಿ. ಬರ್ಮಾದ ಅರಕಾನ್ ಕರಾವಳಿ.

ಕಂಗಾವ್ ಎಂಬ ಹಳ್ಳಿ. ಸುತ್ತ ಕಾಂಡ್ಲಾ ಕಾಡು. ಭರತ ಬಂದರೆ ತುಂಬುವ, ಇಳಿತ ಬಂದರೆ ಕೆಸರಾಗುವ ಕಡಲ ಕಾಲುವೆಗಳು. ಹಿಂದೆ ಸರಿಯುವ ಜಪಾನಿ ಸೇನೆಗೆ ಉಳಿದ ಹೆದ್ದಾರಿ ಈ ಹಳ್ಳಿಯ ಮೇಲೆ ಹಾದಿತ್ತು. ಅದನ್ನು ಕತ್ತರಿಸಬೇಕು. ದೋಣಿಗಳು ಕಾಲುವೆಯೊಳಗೆ ನುಗ್ಗಿದವು, ಜವಾನರು ಸೊಂಟದುದ್ದ ಕೆಸರಿಗೆ ಇಳಿದರು, ಗುಡ್ಡಗಳಿಂದ ಜಪಾನಿ ಫಿರಂಗಿ ಗುಂಡು ಸುರಿದವು.

51ನೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ನಾಯಕರು. ತೋರಾತ್, ಸೇನ್, ತಿಮ್ಮಯ್ಯ. ಭಾರತೀಯ ಅಧಿಕಾರಿ ಯುದ್ಧದಲ್ಲಿ ಪಡೆ ನಡೆಸಬಲ್ಲನೇ ಎಂದು ದಶಕಗಳಿಂದ ಅನುಮಾನಿಸಿದವರ ಕಣ್ಣೆಲ್ಲ ಆ ಮೂವರ ಮೇಲೆ. ದಿನಗಟ್ಟಲೆ ಕಾದಾಡಿದರು. ಗುಡ್ಡ ಹಿಡಿದರು, ಪ್ರತಿದಾಳಿ ತಡೆದರು, ಹೆದ್ದಾರಿ ಕತ್ತರಿಸಿದರು. ಮೂವರಿಗೂ ಡಿಎಸ್‌ಒ ಪದಕ ಬಂತು. ತಿಮ್ಮಯ್ಯ ಆ ಮಹಾಯುದ್ಧದ ರಣರಂಗದಲ್ಲಿ ಬ್ರಿಗೇಡ್ ನಡೆಸಿದ ಏಕೈಕ ಭಾರತೀಯರಾದರು. ಜಪಾನಿಗೂ ಹೋಗಿಬಂದರು. ದೇಶ ಒಡೆದಾಗ ಪಂಜಾಬಿನ ಹೊತ್ತಿ ಉರಿಯುವ ಗಡಿಯಲ್ಲಿ ನಿಂತರು.

ಇವೆಲ್ಲ ಪೀಠಿಕೆ. ನಿಜವಾದ ಏರು ಮುಂದಿತ್ತು.

1948ರ ಮೇ. ಕಾಶ್ಮೀರಕ್ಕಾಗಿ ಪಾಕಿಸ್ತಾನದೊಂದಿಗೆ ಯುದ್ಧ ನಡೆಯುತ್ತಿತ್ತು. ಮೇಜರ್ ಜನರಲ್ ತಿಮ್ಮಯ್ಯ ಕಾಶ್ಮೀರ ಕಣಿವೆಯ ಸೇನಾ ವಿಭಾಗದ ಹೊಣೆ ಹೊತ್ತರು. ನಕ್ಷೆ ಬಿಡಿಸಿದರು. ನಕ್ಷೆ ಹರಿದ ಬಟ್ಟೆಯಾಗಿತ್ತು. ಉತ್ತರದಲ್ಲಿ ಸ್ಕರ್ದುವಿಗೆ ಮುತ್ತಿಗೆ. ಕಾರ್ಗಿಲ್ ಕೈತಪ್ಪಿತ್ತು. ದ್ರಾಸ್ ತಪ್ಪುವುದರಲ್ಲಿತ್ತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ತುಂಡಾಗಿತ್ತು. ಲೇಹ್‌ನಲ್ಲಿ ಇದ್ದದ್ದು ಬೆರಳೆಣಿಕೆಯ ಜನ.

ಆ ಬೆರಳೆಣಿಕೆಯ ಜನ ಅಲ್ಲಿ ತಲುಪಿದ್ದೇ ಒಂದು ಗಾಥೆ. ಲಾಹುಲ್‌ನ ಮೇಜರ್ ಪೃಥ್ವಿ ಚಂದ್ ಫೆಬ್ರವರಿಯ ನಡುಚಳಿಯಲ್ಲಿ ಸುಮಾರು 40 ಡೋಗ್ರಾ ಸ್ವಯಂಸೇವಕರನ್ನು ಕಟ್ಟಿಕೊಂಡು ಹೊರಟರು. ಚಳಿಗಾಲದಲ್ಲಿ ಯಾರೂ ದಾಟದ ಜೋಜಿಲಾ ಕಣಿವೆಮಾರ್ಗ ದಾಟಿದರು. ಹಿಮದಲ್ಲಿ ಹೂತು, ಎದ್ದು, ನಡೆದು ಮಾರ್ಚ್‌ನಲ್ಲಿ ಲೇಹ್ ಮುಟ್ಟಿದರು. ಅವರ ಜೊತೆ ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಇದ್ದರು. ಸಿಂಧೂ ನದಿಯ ಬದಿಯ ಮರಳು ನೆಲದಲ್ಲಿ ಊರವರನ್ನು ಸೇರಿಸಿ, ಕಲ್ಲು ಹೆಕ್ಕಿಸಿ, ಗುಂಡಿ ಮುಚ್ಚಿಸಿ, ನೋರ್ಬು ಒಂದು ಓಟಪಟ್ಟಿ ತಯಾರು ಮಾಡಿದರು.

ಪಟ್ಟಿ ತಯಾರಾಯಿತು. ಆದರೆ ಅಲ್ಲಿ ಯಾವ ವಿಮಾನವೂ ಎಂದೂ ಇಳಿದಿರಲಿಲ್ಲ. ಇಳಿಯಬಹುದೇ ಎಂದೂ ಯಾರಿಗೂ ಗೊತ್ತಿರಲಿಲ್ಲ.

ಲೆಕ್ಕ ಹಾಕಿ. ಓಟಪಟ್ಟಿಯೇ ಸುಮಾರು 3,250 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ರೆಕ್ಕೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ, ಇಳಿಯುವಾಗ ವೇಗ ಜಾಸ್ತಿ, ನಿಲ್ಲಲು ಬೇಕಾದ ನೆಲವೂ ಜಾಸ್ತಿ. ವಿಮಾನ ಡಕೋಟಾ. ಎರಡು ಪಿಸ್ಟನ್ ಎಂಜಿನ್. ಒಳಗೆ ಗಾಳಿ ಒತ್ತಿ ತುಂಬಿಡುವ ವ್ಯವಸ್ಥೆ ಇಲ್ಲ. ದಾರಿಯ ಶಿಖರಗಳು 20 ಸಾವಿರ ಅಡಿ ಮೀರಿ ನಿಂತಿವೆ. ಡಕೋಟಾ ಹಾರಬಲ್ಲ ಕೊನೆಯ ಎತ್ತರವೂ ಅದಕ್ಕಿಂತ ಬಹಳ ಮೇಲಿಲ್ಲ. ರೆಕ್ಕೆಗೆ ಮಂಜುಗಡ್ಡೆ ಕಟ್ಟಿದರೆ ಕಳಚುವ ಸಾಧನವಿಲ್ಲ. ನೆಚ್ಚಬಹುದಾದ ನಕ್ಷೆಯಿಲ್ಲ. ಕೆಳಗಿನಿಂದ ದಾರಿ ಹೇಳುವ ಬಾನುಲಿ ಕೇಂದ್ರವಿಲ್ಲ.

ಹಾರಿಸಲು ಒಪ್ಪಿದವರು ಏರ್ ಕಮೋಡೋರ್ ಮೆಹರ್ ಸಿಂಗ್. ಪಡೆಯವರ ಬಾಯಲ್ಲಿ ಬಾಬಾ ಮೆಹರ್ ಸಿಂಗ್. ಇಂಥ ಹಾರಾಟಕ್ಕೆ ಬೇರೆಯವರನ್ನು ಕಳಿಸದೆ ತಾವೇ ಹಾರಿಸುವ ಜಾತಿಯ ಮನುಷ್ಯ. ಅವರ ಪಕ್ಕ ಯಾರು?

ಒಂದು ಇಡೀ ವಿಭಾಗದ ಜನರಲ್, ಸಾವಿರಾರು ಜವಾನರ ಹೊಣೆ ಹೊತ್ತವರು, ಆ ವಿಮಾನ ಏರಬೇಕಿರಲಿಲ್ಲ. ತಿಮ್ಮಯ್ಯ ಏರಿದರು.

1948ರ ಮೇ 24. ಡಕೋಟಾ ಶ್ರೀನಗರದಿಂದ ಎದ್ದಿತು. ಏರಿತು. ಇನ್ನೂ ಏರಿತು. ಉಸಿರು ಕಟ್ಟುವ ಎತ್ತರದಲ್ಲಿ ಶಿಖರಗಳ ನಡುವೆ ನುಸುಳಿತು. ಎಡಕ್ಕೂ ಬಲಕ್ಕೂ ಹಿಮದ ಗೋಡೆ. ಒಂದು ಎಂಜಿನ್ ಕೆಮ್ಮಿದರೂ ಇಳಿಯಲು ಜಾಗವಿಲ್ಲ. ಕೊನೆಗೆ ಕೆಳಗೆ ಸಿಂಧೂ ಹೊಳೆಯಿತು, ಮರಳಿನ ಪಟ್ಟಿ ಕಂಡಿತು. ಇಳಿಸಿದರು. ಚಕ್ರ ನೆಲ ಮುಟ್ಟಿತು, ಧೂಳೆದ್ದಿತು, ವಿಮಾನ ಓಡಿತು, ಓಡಿತು, ನಿಂತಿತು.

ಲೇಹ್‌ನಲ್ಲಿ ಇಳಿದ ಮೊದಲ ವಿಮಾನ ಅದು. ಜೂನ್ ಮೊದಲಿಗೆ ಗೂರ್ಖಾಗಳು ಡಕೋಟಾದಲ್ಲಿ ಬಂದಿಳಿದರು. ಲೇಹ್ ಉಳಿಯಿತು. ಮೆಹರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಬಂತು, ಪೃಥ್ವಿ ಚಂದ್ ಅವರಿಗೂ ಬಂತು.

ಸ್ಕರ್ದು ಉಳಿಯಲಿಲ್ಲ.

ಇದನ್ನು ಬಿಟ್ಟು ಮುಂದೆ ಓಡಲು ನನಗೆ ಮನಸ್ಸಾಗದು. ಸ್ಕರ್ದುವಿನ ಕೋಟೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಫೆಬ್ರವರಿಯಿಂದ ಮುತ್ತಿಗೆ ತಡೆದು ಕೂತಿದ್ದರು. ಕಳಿಸಿದ ನೆರವಿನ ಪಡೆಗಳು ದಾರಿಯ ಕಮರಿಗಳಲ್ಲಿ ಹೊಂಚುದಾಳಿಗೆ ಸಿಕ್ಕಿ ಚೆದರಿದವು. ವಿಮಾನ ಇಳಿಯಲು ಜಾಗವಿಲ್ಲ. ಯುದ್ಧವಿಮಾನಗಳಿಂದ ಮದ್ದುಗುಂಡಿನ ಡಬ್ಬ ಎಸೆದರು; ಸಾಲಲಿಲ್ಲ. ಅನ್ನ ಮುಗಿಯಿತು, ಗುಂಡು ಮುಗಿಯಿತು. ಆರು ತಿಂಗಳು ತಡೆದ ಮೇಲೆ ಆಗಸ್ಟ್ 14ರಂದು ಸ್ಕರ್ದು ಬಿತ್ತು. ಶರಣಾಗಿ ಎಂದು ಮೇಲಿನಿಂದ ಹೇಳಬೇಕಾಗಿ ಬಂದವರು ತಿಮ್ಮಯ್ಯ. ಸಾಹಸಗಾಥೆಗಳಲ್ಲಿ ಗೆದ್ದ ಏರುಗಳನ್ನಷ್ಟೇ ಎಣಿಸುತ್ತೇವೆ. ತಲುಪಲಾಗದ ಕೋಟೆಗೆ ಬಾನುಲಿಯಲ್ಲಿ ಆ ಮಾತು ಹೇಳಲು ಬೇಕಾದ ಎದೆಯೂ ಚಿಕ್ಕದಲ್ಲ.

ಈಗ ಉಳಿದದ್ದು ಒಂದೇ ಬಾಗಿಲು. ಅದು ಮುಚ್ಚಿತ್ತು. ಜೋಜಿಲಾ.

ಬಿಸಿಲೆಯ ಬಳಿ ಮಂಕನಹಳ್ಳಿಯಲ್ಲಿ ಮಳೆನೀರು ಪಾಲಾಗುವ ಏಣು ಇದೆ. ಒಂದು ಬದಿಗೆ ಬಿದ್ದ ಹನಿ ಕುಮಾರಧಾರಾ, ನೇತ್ರಾವತಿ ಹಿಡಿದು ಅರಬ್ಬೀ ಸಮುದ್ರಕ್ಕೆ. ಇನ್ನೊಂದು ಬದಿಯದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ಪಶ್ಚಿಮಕ್ಕೆ ತೊಟ್ಟಿಕ್ಕುವ ಕಾಡು, ಪೂರ್ವಕ್ಕೆ ಹೋದಷ್ಟೂ ಒಣ ಬಯಲು. ಜೋಜಿಲಾವೂ ಅಂಥ ಏಣು, ಅಳತೆ ಮಾತ್ರ ರಾಕ್ಷಸ. ಈಚೆಗೆ ಕಾಶ್ಮೀರದ ಹಸಿರು, ಆಚೆಗೆ ಲಡಾಖಿನ ಬೋಳು. ಎತ್ತರ 3,528 ಮೀಟರ್. ಎರಡು ಗೋಡೆಗಳ ನಡುವಿನ ಸಂದಿ. ಗೋಡೆಗಳಲ್ಲಿ ಶತ್ರುವಿನ ಬಂಕರು.

ಸೆಪ್ಟೆಂಬರಿನಲ್ಲಿ ಕಾಲಾಳುಗಳು ನುಗ್ಗಿದರು. ಮಷಿನ್‌ಗನ್ ಉತ್ತರ ಕೊಟ್ಟಿತು. ಹಿಂದೆ ಬಂದರು. ಮತ್ತೆ ನುಗ್ಗಿದರು. ಮತ್ತೆ ಹಿಂದೆ ಬಂದರು. ಹೆಣಗಳು ಹಿಮದಲ್ಲಿ ಉಳಿದವು. ನವೆಂಬರ್ ಕಳೆದರೆ ಕಣಿವೆ ತಾನಾಗಿ ಮುಚ್ಚುತ್ತಿತ್ತು. ಮುಚ್ಚಿದರೆ ಲೇಹ್ ಚಳಿಗಾಲ ಪೂರ್ತಿ ಒಂಟಿ.

ಆಗ ಆ ಯೋಜನೆ ಹುಟ್ಟಿತು. ಕೇಳಿದವರು ನಂಬಲಿಲ್ಲ. ಟ್ಯಾಂಕು ತರೋಣ.

ಎಲ್ಲಿಂದ? ಜಮ್ಮುವಿನಾಚೆಯ ಅಖ್ನೂರಿನಿಂದ. ಜೋಜಿಲಾದ ಬುಡದ ಬಾಲ್ಟಾಲ್‌ಗೆ 400 ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಪೀರ್ ಪಂಜಾಲ್ ಬೆಟ್ಟಸಾಲು. ಜವಾಹರ್ ಸುರಂಗ ಬಂದದ್ದು 1956ರಲ್ಲಿ. ಅಂದು ಬಾನಿಹಾಲ್‌ನ ಹಳೆಯ ಏರನ್ನೇ ಹತ್ತಬೇಕು. ದಾರಿಯ ಸೇತುವೆಗಳನ್ನು ಕಟ್ಟಿದ್ದು ಲಾರಿಗೆ, ಟ್ಯಾಂಕಿಗಲ್ಲ.

ಹೊತ್ತು ತಂದವರು 7ನೇ ಕ್ಯಾವಲ್ರಿ. ನಾಯಕ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್, ಸೇನೆಯಲ್ಲಿ ಎಲ್ಲರ ಬಾಯಲ್ಲೂ 'ಸ್ಪ್ಯಾರೋ'. ಟ್ಯಾಂಕು ಸ್ಟುವರ್ಟ್. 37 ಮಿಲಿಮೀಟರ್ ತೋಪು, ನಾಲ್ಕು ಜನ ಸಿಬ್ಬಂದಿ, ಪೆಟ್ರೋಲ್ ಕುಡಿಯುವ ಎರಡು ಎಂಜಿನ್. ಅವರು ಮೊದಲು ಮಾಡಿದ ಕೆಲಸ ಟ್ಯಾಂಕಿನ ತಲೆ ತೆಗೆದದ್ದು. ಟರೆಟ್ ಬಿಚ್ಚಿದರು, ಲಾರಿಗೆ ಹೇರಿದರು, ಒಡಲನ್ನು ಬೇರೆ ಸಾಗಿಸಿದರು. ಭಾರ ಇಳಿಯಿತು, ಸೇತುವೆ ತಡೆಯಿತು, ಮುಸುಕು ಹಾಕಿದ ಒಡಲು ಟ್ಯಾಂಕೆಂದು ಯಾರಿಗೂ ಗೊತ್ತಾಗಲಿಲ್ಲ. ರಾತ್ರಿ ಚಲಿಸಿದರು. ಸೇತುವೆಗಳಿಗೆ ಆಸರೆ ಕೊಟ್ಟರು, ದಾಟಿದರು, ಮುಂದಿನದಕ್ಕೆ ಓಡಿದರು. ಶ್ರೀನಗರದಲ್ಲಿ ಕರ್ಫ್ಯೂ ಹಾಕಿ, ಬೀದಿ ಖಾಲಿ ಮಾಡಿಸಿ, ಊರು ದಾಟಿಸಿದರು.

ಬಾಲ್ಟಾಲ್ ಬಂತು. ರಸ್ತೆ ಮುಗಿಯಿತು.

ಮುಂದೆ ಇದ್ದದ್ದು ಕುದುರೆ ಹೇಸರಗತ್ತೆ ನಡೆಯುವ ಜಾಡು. ಒಂದು ಬದಿ ಬಂಡೆ, ಇನ್ನೊಂದು ಬದಿ ಪಾತಾಳ. ಮಳೆಗಾಲದ ರಾತ್ರಿ ಬಿಸಿಲೆ ಘಾಟಿಯ ತಿರುವಿನಲ್ಲಿ ಮೊದಲ ಗೇರಿಗೆ ಇಳಿಸಿ, ಕಿಟಕಿಯಿಂದ ಕತ್ತು ಚಾಚಿ ಅಂಚು ನೋಡುತ್ತ ಲಾರಿ ಹತ್ತಿಸಿದ ಸಕಲೇಶಪುರದ ಡ್ರೈವರುಗಳನ್ನು ಕೇಳಿ: ಅಂಚು ಕಾಣದ ತಿರುವಿನಲ್ಲಿ ಭಾರದ ಗಾಡಿ ಎಂದರೇನು? ಇಲ್ಲಿ ಗಾಡಿ ಉಕ್ಕಿನದು, ಸರಪಳಿಯ ಮೇಲೆ ಹರಿಯುವುದು, ಹಿಮದ ಮೇಲೆ ಜಾರುವುದು.

ದಾರಿ ಕಡಿಯಲು ಬಂದವರು ಮದ್ರಾಸ್ ಸ್ಯಾಪರ್‌ಗಳು. ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬದಿಯಲ್ಲಿ ತರಬೇತಿ ಪಡೆಯುವ ಅದೇ ಪಡೆ. ನಾಯಕ ಮೇಜರ್ ತಂಗರಾಜು. ಬಿಸಿಲಿನ ನಾಡಿನ ಹುಡುಗರು. ಹಿಮ ಕಂಡದ್ದೇ ಹೊಸದು. ಶತ್ರುವಿನ ಗುಂಡು ತಲೆಯ ಮೇಲೆ ಹಾರುತ್ತಿರುವಾಗ ಸಿಡಿಮದ್ದು ಇಟ್ಟರು, ಬಂಡೆ ಒಡೆದರು, ಅಂಚಿಗೆ ಕಲ್ಲು ಕಟ್ಟಿದರು, ತಿರುವು ಅಗಲಿಸಿದರು. ಅಗಲಿಸಿದ್ದು ಕುಸಿಯಿತು, ಮತ್ತೆ ಕಟ್ಟಿದರು. ವಾರಗಳಲ್ಲಿ ಕುದುರೆ ಜಾಡು ಟ್ಯಾಂಕ್ ದಾರಿಯಾಯಿತು. ಜೋಜಿಲಾದ ಕಥೆಯಲ್ಲಿ ಟ್ಯಾಂಕಿಗೆ ಸಿಗುವ ಚಪ್ಪಾಳೆಯಲ್ಲಿ ಅರ್ಧ ಇವರ ಪಾಲಿಗೆ ಸಲ್ಲಬೇಕು. ಸಲ್ಲಲಿಲ್ಲ ಎಂಬುದು ನನ್ನ ಕೊರಗು.

ದಾಳಿಯ ಗುಪ್ತನಾಮ 'ಆಪರೇಷನ್ ಬೈಸನ್'. ಕಾಡುಕೋಣ. ಪಶ್ಚಿಮ ಕಮಾಂಡಿನ ಮುಖ್ಯಸ್ಥರು ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪ. ದಾಳಿ ನಡೆಸುವವರು ತಿಮ್ಮಯ್ಯ. ಹಿಮಾಲಯದ ಆ ಸಂದಿಯ ಹಣೆಬರಹ ಒಂದೇ ಪುಟ್ಟ ಕೊಡಗಿನ ಇಬ್ಬರ ಕೈಯಲ್ಲಿತ್ತು.

ಅಕ್ಟೋಬರ್ ಕೊನೆಯಲ್ಲಿ ಹಿಮ ಸುರಿಯಿತು. ದಾಳಿ ಮುಂದಕ್ಕೆ ಹೋಯಿತು. ಕಾದರು. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಮೂರರಲ್ಲಿ ಎರಡು ಪಾಲು. ಎಂಜಿನ್ನಿನ ಕಸುವು ಅಷ್ಟೇ ಕುಸಿಯುತ್ತದೆ, ಮನುಷ್ಯನ ಕಸುವೂ. ಬರಿಗೈಯಲ್ಲಿ ಉಕ್ಕು ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಜವಾನರಿಗೆ ತಕ್ಕ ಚಳಿಯುಡುಪೂ ಇರಲಿಲ್ಲ. ಕಾಲ್ಬೆರಳು ಮರಗಟ್ಟಿದವು. ಇನ್ನೊಂದು ಹಿಮಪಾತ ಬಂದರೆ ಎಲ್ಲ ಮುಗಿಯಿತು.

ನವೆಂಬರ್ 1. ಮಧ್ಯಾಹ್ನ ಜಾರಿತು. ಎಂಜಿನ್ ಗುಡುಗಿದವು.

ಮೊದಲ ಟ್ಯಾಂಕು ಏರು ಹತ್ತಿತು. ಅದರೊಳಗೆ ಜನರಲ್ ತಿಮ್ಮಯ್ಯ. ಹಿಂದಿನ ಕಮಾಂಡ್ ಪೋಸ್ಟಿನಲ್ಲಿ ಬಾನುಲಿ ಹಿಡಿದು ಕೂರಬಹುದಿತ್ತು, ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ತಲೆತಿರುಕರ ಯೋಜನೆ ಎಂದು ಕೆಲವರು ನಂಬಿದ್ದ ದಾಳಿಗೆ ಜವಾನರನ್ನು ನುಗ್ಗಿಸಬೇಕಾದರೆ ಜನರಲ್ ಎಲ್ಲಿರಬೇಕು ಎಂಬುದು ಅವರಿಗೆ ಗೊತ್ತಿತ್ತು.

ಬಂಕರುಗಳಲ್ಲಿದ್ದವರು ಶಬ್ದ ಕೇಳಿದರು. ಇಣುಕಿದರು. ಕಂಡದ್ದನ್ನು ನಂಬಲಾಗಲಿಲ್ಲ. ಹನ್ನೊಂದೂವರೆ ಸಾವಿರ ಅಡಿ ಎತ್ತರದ ಹಿಮದಲ್ಲಿ ಟ್ಯಾಂಕು! ಗುಂಡು ಹಾರಿಸಿದರು, ಉಕ್ಕಿಗೆ ಬಡಿದು ಸಿಡಿದವು. ಸ್ಟುವರ್ಟ್‌ಗಳು ಹತ್ತಿರ ಹೋದವು, ಬಂಕರಿನ ಕಂಡಿಗೇ ತೋಪು ಇಟ್ಟವು, ಒಡೆದವು. ಸಂದಿ ದಾಟಿದವು. ಆಚೆಯ ಗುಮ್ರಿ ಬಯಲಿಗೆ ಹರಿದವು. ಬೆನ್ನಿಗೇ ಕಾಲಾಳುಗಳು ನುಗ್ಗಿದರು, ಪಟಿಯಾಲಾದವರು, ರಜಪೂತರು, ಗೂರ್ಖಾಗಳು. ಸೆಪ್ಟೆಂಬರಿನಿಂದ ತಡೆದು ನಿಂತ ಗೋಡೆ ಒಂದೇ ಇಳಿಹೊತ್ತಿನಲ್ಲಿ ಬಿತ್ತು. ಆವರೆಗೆ ಜಗತ್ತಿನ ಯಾವ ಸೇನೆಯೂ ಅಷ್ಟು ಎತ್ತರದಲ್ಲಿ ಟ್ಯಾಂಕು ಹೂಡಿ ಕಾದಿರಲಿಲ್ಲ.

ನಿಲ್ಲಲಿಲ್ಲ. ನಿಂತರೆ ಹಿಮ ಗೆಲ್ಲುತ್ತಿತ್ತು. ಮಾತಾಯನ್ ಹಿಡಿದರು. ನವೆಂಬರ್ ನಡುವಿಗೆ ದ್ರಾಸ್ ಹಿಡಿದರು. 24ನೇ ತಾರೀಕಿನೊಳಗೆ ಕಾರ್ಗಿಲ್ ಹಿಡಿದರು. ಲೇಹ್ ಕಡೆಯಿಂದ ಬಂದವರನ್ನು ಕೂಡಿಕೊಂಡರು. 1949ರ ಜನವರಿ 1ಕ್ಕೆ ಕದನವಿರಾಮ ಬಂತು. ಲೇಹ್ ದಾರಿ ತೆರೆದು ಆಗಿನ್ನೂ ಐದು ವಾರ!

ಇಲ್ಲಿಗೆ ಮುಗಿಸಿದ್ದರೂ ಇದು ಒಂದು ಬದುಕಿಗೆ ಸಾಕಾದ ಗಾಥೆ. ಆದರೆ ತಿಮ್ಮಯ್ಯನವರ ದೊಡ್ಡ ಸಾಹಸ ಜೋಜಿಲಾ ಅಲ್ಲ, ಕೊರಿಯಾ ಎಂದೇ ನನ್ನ ವಾದ. ಜೋಜಿಲಾದಲ್ಲಿ ಅವರ ಕೈಯಲ್ಲಿ ಟ್ಯಾಂಕು ಇತ್ತು. ಕೊರಿಯಾದಲ್ಲಿ ಏನೂ ಇರಲಿಲ್ಲ.

1953. ಕೊರಿಯಾ ಯುದ್ಧ ನಿಂತಿತ್ತು. ಒಂದು ಮುಳ್ಳು ಉಳಿದಿತ್ತು. ದಕ್ಷಿಣದ ಕೈಯಲ್ಲಿದ್ದ ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳಲ್ಲಿ 22 ಸಾವಿರಕ್ಕೂ ಹೆಚ್ಚು ಜನ ಊರಿಗೆ ಮರಳೆವು ಎಂದರು. ಎದುರು ಬದಿಯಲ್ಲೂ 359 ಜನ ಹಾಗೇ ಎಂದರು. ಯಾರ ಮಾತು ನಿಜ, ಯಾರದು ಬೆದರಿಕೆಯ ಮಾತು? ವಿಚಾರಿಸಲು ಐದು ತಟಸ್ಥ ದೇಶಗಳ ಆಯೋಗ. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದವು. ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವಿನ ಐದನೇ ಮತ ಭಾರತದ್ದು. ಅಧ್ಯಕ್ಷರು ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯ.

ಕೈದಿಗಳನ್ನು ಕಾಯಲು ಭಾರತದ ಪಡೆ ಹಡಗೇರಿತು. ನಾಯಕ ಮೇಜರ್ ಜನರಲ್ ತೋರಾತ್, ಕಂಗಾವ್‌ನ ಅದೇ ಗೆಳೆಯ. ಹಡಗು ಇಂಚಾನ್ ಮುಟ್ಟಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ತಡೆದರು: ಭಾರತದ ಸೈನಿಕ ತಮ್ಮ ನೆಲದ ಮೇಲೆ ಕಾಲಿಡಕೂಡದು.

ಕಾಲಿಡಲಿಲ್ಲ. ಕಡಲಿನಿಂದ ಹೆಲಿಕಾಪ್ಟರುಗಳು ಎದ್ದವು. ತುಕಡಿಯ ಮೇಲೆ ತುಕಡಿಯಾಗಿ ಭಾರತದ ಪಡೆಯನ್ನು ದಕ್ಷಿಣ ಕೊರಿಯಾದ ನೆಲದ ಮೇಲಿಂದ ಹಾರಿಸಿ, ಎರಡೂ ಸೇನೆಗಳ ನಡುವಿನ ನಿಶ್ಶಸ್ತ್ರ ವಲಯದಲ್ಲಿ ಇಳಿಸಿದವು.

ಇಳಿದದ್ದು ಕೆಂಡದ ಮೇಲೆ. ಮುಳ್ಳುತಂತಿಯ ಒಳಗೆ ಗುಂಪುಗಳ ರಾಜ್ಯ. ಊರಿಗೆ ಹೋಗುತ್ತೇನೆ ಎಂದು ಬಾಯಿ ಬಿಟ್ಟವನನ್ನು ಜೊತೆಯವರೇ ಹೊಡೆದರು, ಕೊಂದರು. ಕೂಗು, ಕಲ್ಲು, ಗುಡಾರದ ಗೂಟವೇ ಆಯುಧ. ಗಡಿಯಾಚೆ ಎರಡು ಮಹಾಸೇನೆಗಳು ತೋಪು ತಿರುಗಿಸಿಕೊಂಡು ಕೂತಿದ್ದವು. ಕೈದಿಗಳು ತಂತಿ ಮುರಿದು ನುಗ್ಗಿದರೆ ಯುದ್ಧ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಸೆಪ್ಟೆಂಬರ್ ಕೊನೆಯ ವಾರ. ಮೇಜರ್ ಗ್ರೆವಾಲ್ ಒಂದು ಆವರಣದೊಳಗೆ ಹೋದರು. ಕೈದಿಗಳು ಮುತ್ತಿದರು. ಹಿಡಿದರು. ಒಳಗೆಳೆದುಕೊಂಡರು.

ಸುದ್ದಿ ತೋರಾತ್‌ಗೆ ಮುಟ್ಟಿತು. ಬಲ ಹಾಕಿ ನುಗ್ಗಿದರೆ ಗ್ರೆವಾಲ್ ಸಾಯುತ್ತಾರೆ, ಜೊತೆಗೆ ನೂರಾರು ಕೈದಿಗಳೂ. ತೋರಾತ್ ತಾವೇ ಗೇಟು ತೆರೆಸಿ ಆ ಗದ್ದಲದ ನಡುವಿಗೆ ನಡೆದರು. ಮಾತಾಡಿದರು. ಬಿಸಿ ಇಳಿಸಿದರು. ಗ್ರೆವಾಲ್ ಅವರನ್ನು ಜೀವಂತ ಹೊರಗೆ ತಂದರು. ಈ ಧೈರ್ಯಕ್ಕೆ ಮುಂದೆ ಅಶೋಕ ಚಕ್ರದ ಎರಡನೇ ದರ್ಜೆ ಬಂತು.

ಪ್ರತಿ ಸಲವೂ ಹೀಗೇ ಆಗಲಿಲ್ಲ. ಅಕ್ಟೋಬರ್ ಮೊದಲಲ್ಲಿ ಗಲಭೆ ಕೈಮೀರಿತು, ಕಾವಲಿನವರು ಗುಂಡು ಹಾರಿಸಿದರು, ಕೈದಿಗಳು ಸತ್ತರು. ಎರಡೂ ಬದಿಯಿಂದ ಬೈಗುಳ ಸುರಿಯಿತು. ಒಬ್ಬರು ತಿಮ್ಮಯ್ಯನವರನ್ನು ಕೆಂಪಿನವರ ಕಡೆ ಎಂದರು, ಇನ್ನೊಬ್ಬರು ಅಮೆರಿಕದ ಕಡೆ ಎಂದರು. ದಿನವಿಡೀ ಸಭೆ. ಐದು ದೇಶಗಳ ಜಗಳ. ಪ್ರತಿ ಕೈದಿಯನ್ನೂ ಅವನ ದೇಶದವರ ಮುಂದೆ ಕೂರಿಸಿ, ಹೋಗುತ್ತೀಯಾ ಇಲ್ಲವಾ ಎಂದು ಒಬ್ಬೊಬ್ಬನನ್ನೇ ಕೇಳಬೇಕು. ಕೈದಿಗಳು ಗುಡಾರ ಬಿಟ್ಟು ಬರಲೇ ಒಪ್ಪುತ್ತಿರಲಿಲ್ಲ. ಹೊರಗೆ ಕೊರಿಯಾದ ಚಳಿ. ತಲೆಯ ಮೇಲೆ 90 ದಿನದ ಗಡುವು.

ಗಡುವು ಮುಗಿಯಿತು. ಬಹುಪಾಲು ಕೈದಿಗಳನ್ನು ಕೇಳಿಯೇ ಆಗಿರಲಿಲ್ಲ. ಬಲವಂತವಾಗಿ ಎಳೆತರಬೇಕೇ? ತಿಮ್ಮಯ್ಯ ಒಲ್ಲೆ ಎಂದರು. ಹಾಗೆಯೇ ಬಿಟ್ಟುಬಿಡಬೇಕೇ? ಆ ಅಧಿಕಾರ ಇರಲಿಲ್ಲ. ಕೈದಿಗಳನ್ನು ಯಾರಿಂದ ಪಡೆದಿದ್ದರೋ ಅವರಿಗೇ 1954ರ ಜನವರಿ 20ರಿಂದ ಮರಳಿಸಿದರು. ಎಲ್ಲರೂ ಕೋಪಗೊಂಡರು, ಯಾರೂ ಗುಂಡು ಹಾರಿಸಲಿಲ್ಲ. ಎರಡೂ ಕಡೆಗೆ ಬೆನ್ನು ಹಾಕಿದ 88 ಕೈದಿಗಳು ಭಾರತದ ಪಡೆಯ ಜೊತೆ ಹಡಗೇರಿ ನಮ್ಮ ದೇಶಕ್ಕೆ ಬಂದರು. ಆ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಬಂತು.

1957ರ ಮೇ 8ರಂದು ಭೂಸೇನೆಯ ಮುಖ್ಯಸ್ಥರಾದರು. ಈಗ ಏರು ಬೇರೆ ಬಗೆಯದು. ಹಿಮಾಲಯದಾಚೆ ಚೀನಾ ಜಮಾಯಿಸುತ್ತಿತ್ತು. ದೆಹಲಿಯಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಜೊತೆ ಹೊಂದಲಿಲ್ಲ. 1959ರ ಆಗಸ್ಟ್ ಕೊನೆಗೆ ಗಡಿಯ ಲಾಂಗ್‌ಜುವಿನಲ್ಲಿ ಗುಂಡು ಹಾರಿತು. ಅದೇ 31ರಂದು ತಿಮ್ಮಯ್ಯ ರಾಜೀನಾಮೆ ಬರೆದರು. ನೆಹರೂ ಕರೆಸಿದರು, ಒತ್ತಾಯಿಸಿದರು. ತಿಮ್ಮಯ್ಯ ಹಿಂಪಡೆದರು. ಸುದ್ದಿ ಹೊರಬಿದ್ದು ಸಂಸತ್ತು ಕುದಿಯಿತು. ಹಿಂಪಡೆಯಬಾರದಿತ್ತು ಎಂದವರು ಅಂದೂ ಇದ್ದರು, ಇಂದೂ ಇದ್ದಾರೆ. ನನಗೆ ಕಾಣುವುದು ಬೇರೆ. ಗಡಿ ಬಿಸಿಯೇರಿದಾಗ ಸೇನಾಪತಿ ಎದ್ದು ಹೋದರೆ ಸೇನೆ ಏನಾಗುತ್ತದೆ ಎಂದು ಎಣಿಸಿ, ಅವಮಾನ ನುಂಗಿ, ಇನ್ನೂ ಇಪ್ಪತ್ತು ತಿಂಗಳು ಅದೇ ಕುರ್ಚಿಯಲ್ಲಿ ಕೂತದ್ದು ಜೋಜಿಲಾದಷ್ಟೇ ಕಡಿದಾದ ದಾರಿ.

1961ರ ಮೇ 7. ನಿವೃತ್ತಿ. ಕೊಡಗಿಗೆ ಬಂದರು. ಕಾಫಿ ತೋಟ, ಮಳೆ, ಮನೆ. ವಯಸ್ಸು 55.

ಮೂರು ವರ್ಷ. ಮತ್ತೆ ಕರೆ ಬಂತು, ಈ ಸಲ ವಿಶ್ವಸಂಸ್ಥೆಯಿಂದ.

ಸೈಪ್ರಸ್ ದ್ವೀಪ ಹೊತ್ತಿತ್ತು. ಗ್ರೀಕರು ಒಂದು ಕಡೆ, ತುರ್ಕರು ಒಂದು ಕಡೆ. ರಾಜಧಾನಿ ನಿಕೋಸಿಯಾವನ್ನು ಒಬ್ಬ ಬ್ರಿಟಿಷ್ ಜನರಲ್ 1963ರ ಕೊನೆಯಲ್ಲಿ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಸೀಳಿದ್ದರು; ಆ ಗೆರೆಯ ಮೇಲೆ ಈಗ ಮರಳಿನ ಚೀಲ, ಬಂದೂಕು. 1964ರ ಮಾರ್ಚ್‌ನಲ್ಲಿ ಶಾಂತಿಪಡೆ ಬಂದಿತ್ತು. ಬ್ರಿಟಿಷರು, ಕೆನಡಾದವರು, ಐರಿಷರು, ಸ್ವೀಡರು, ಡೇನರು, ಫಿನ್ನರು. ಆ ವರ್ಷದ ಬೇಸಿಗೆಯಲ್ಲಿ ತಿಮ್ಮಯ್ಯ ಅದರ ನಾಯಕತ್ವ ಹಿಡಿದರು.

ಕುರ್ಚಿ ಬಿಸಿಯಾಗುವಷ್ಟೂ ಸಮಯ ಸಿಗಲಿಲ್ಲ. ಆಗಸ್ಟ್ ಮೊದಲ ವಾರ, ವಾಯವ್ಯ ಕರಾವಳಿಯ ಕೊಕ್ಕಿನಾದಲ್ಲಿ ದ್ವೀಪದ ಗ್ರೀಕರ ಪಡೆ ತುರ್ಕರ ಕಡಲಂಚಿನ ನೆಲೆಯನ್ನು ಒತ್ತಿತು. ಹಳ್ಳಿಗಳು ಒಂದೊಂದಾಗಿ ಬಿದ್ದವು. ನಡುವೆ ಸ್ವೀಡನ್ನಿನ ಪುಟ್ಟ ಕಾವಲು ಠಾಣೆಗಳು. ಆಗ ಕಡಲಾಚೆಯ ತುರ್ಕಿಯಿಂದ ಜೆಟ್‌ಗಳು ಎದ್ದವು. ಬಾಂಬು ಸುರಿದವು. ಗ್ರೀಸ್ ಇಳಿದರೆ ನ್ಯಾಟೊದ ಎರಡು ಸದಸ್ಯ ದೇಶಗಳೇ ಬಡಿದಾಡುತ್ತವೆ. ತಿಮ್ಮಯ್ಯನವರ ಕೈಯಲ್ಲಿದ್ದದ್ದು ಆತ್ಮರಕ್ಷಣೆಗಷ್ಟೇ ಗುಂಡು ಹಾರಿಸಬಹುದಾದ ಕೆಲವು ಸಾವಿರ ಸೈನಿಕರು, ಜೀಪು, ಬಾನುಲಿ, ಬಿಳಿ ಬಣ್ಣ.

ಆಗಸ್ಟ್ 9ಕ್ಕೆ ಭದ್ರತಾ ಮಂಡಳಿ ಕದನವಿರಾಮ ಕೂಗಿತು. ಜೆಟ್‌ಗಳು ಮರಳಿದವು. ಅಲ್ಲಿಂದ ಮುಂದಿನ ಹದಿನಾರು ತಿಂಗಳ ಕೆಲಸ ಪತ್ರಿಕೆಯ ಮೊದಲ ಪುಟಕ್ಕೆ ಬರುವಂಥದ್ದಲ್ಲ. ಒಂದು ಠಾಣೆ ಹತ್ತು ಗಜ ಹಿಂದೆ ಸರಿಯಬೇಕು, ಅದಕ್ಕೆ ಮೂರು ಸಭೆ. ಒಬ್ಬ ರೈತ ಗೆರೆ ದಾಟಿ ತನ್ನ ಹೊಲ ಕೊಯ್ಯಬೇಕು, ಅದಕ್ಕೆ ಬೆಂಗಾವಲು. ಆ ಬದಿ, ಈ ಬದಿ, ಮತ್ತೆ ಆ ಬದಿ.

1965ರ ಡಿಸೆಂಬರ್ 18. ಸೈಪ್ರಸ್‌ನಲ್ಲಿ, ಹುದ್ದೆಯಲ್ಲಿರುವಾಗಲೇ ಹೃದಯಾಘಾತವಾಯಿತು. ವಯಸ್ಸು 59. ದೇಹವನ್ನು ಬೆಂಗಳೂರಿಗೆ ತಂದರು. ರಿಚ್ಮಂಡ್ ರಸ್ತೆಗೆ ಅವರ ಹೆಸರಿಟ್ಟರು. ಮಡಿಕೇರಿಯ ಮನೆ 'ಸನ್ನಿ ಸೈಡ್' 2021ರ ಫೆಬ್ರವರಿ 6ರಂದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಆದರೆ ನೆನಪು ಮಾಡುವುದರಲ್ಲಿ ಸೈಪ್ರಸ್ ನಮಗಿಂತ ಚುರುಕಾಗಿತ್ತು. ಅವರು ತೀರಿದ ಮರುವರ್ಷವೇ, 1966ರಲ್ಲಿ, ಆ ದ್ವೀಪದ ಸರ್ಕಾರ ಕೊಡಗಿನ ಈ ಜನರಲ್‌ನ ನೆನಪಿಗೆ ಅಂಚೆಚೀಟಿ ಅಚ್ಚು ಹಾಕಿಸಿತು.